ಕೊನೆಯ ಬೀದಿಯ ಅರ್ಧ ಬಕೆಟ್ ಅಕ್ಕ

ನನ್ನ ಓರಗಿತ್ತಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಈಗ ಆ ಹೆಸರು ಹಿಡಿದು ಬ್ಯಾಂಕಿನವರು ಬಿಟ್ಟರೆ ಬೇರೆ ಯಾರೂ ಕರೆಯುವುದಿಲ್ಲ. ಊರಿಗೆಲ್ಲ ಅವಳು ಅರ್ಧ ಬಕೆಟ್ ಅಕ್ಕ. ತರಕಾರಿ ಗಾಡಿಯವನಿಗೂ ಹಾಗೇ, ಪೋಸ್ಟ್‌ಮ್ಯಾನಿಗೂ ಹಾಗೇ. ನನ್ನ ಗಂಡನ ಅಣ್ಣನ ಹೆಂಡತಿ ಅವಳು. ನಾನು ಬರೀ ಅಕ್ಕ ಎನ್ನುತ್ತೇನೆ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ನಿಂತ ಮೇಲೆ ನೀವು ತಾವು ಎಲ್ಲ ಎಲ್ಲಿ ಉಳಿಯುತ್ತದೆ? ಮೊದಲು ಆ ಅಡ್ಡಹೆಸರು ಕೇಳಿದರೆ ಅವಳ ಮುಖ ಅರಳುತ್ತಿತ್ತು. ಈಗ ಯಾರಾದರೂ ಕರೆದರೆ ಬೆಚ್ಚಿಬೀಳುತ್ತಾಳೆ. ಯಾಕೆ ಅಂತ ಹೇಳುತ್ತೇನೆ.

ಆ ಹೆಸರು ಅಂಟಿಕೊಂಡದ್ದು ನೀರಿಲ್ಲದ ವರ್ಷಗಳಲ್ಲಿ. ಜಲಾಶಯದ ತಳದ ಕೆಸರು ಒಣಗಿ ಬಿರುಕು ಬಿಟ್ಟಾಗ, ನೀರಿನ ಕಚೇರಿಯವರು ಮನೆಮನೆಗೆ ಹೋಗಿ ತಿಳಿಹೇಳುವುದಕ್ಕೆ ಒಂದಷ್ಟು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡರು. ಉಳಿದವರು ಕರಪತ್ರ ಹಂಚಿ, ಬಾಗಿಲಲ್ಲೇ ನಿಂತು ಪಾಠ ಒಪ್ಪಿಸಿ ಬರುತ್ತಿದ್ದರು. ಅಕ್ಕ ಸೀದಾ ಅಡುಗೆಮನೆಗೆ ನುಗ್ಗಿ, ಸಿಂಕಿನ ಕೆಳಗಿನ ಪೈಪು ಬಿಚ್ಚಿ, ಅಲ್ಲೊಂದು ಟಬ್ ಇಡುತ್ತಿದ್ದಳು. "ನೀವು ದಿನಾ ತೊಳೆಯೋ ಹಾಗೇ ಪಾತ್ರೆ ತೊಳೀರಿ, ನಾನು ಸುಮ್ನೆ ಕೂತಿರ್ತೀನಿ" ಎನ್ನುವಳು. ತೊಳೆದಾದ ಮೇಲೆ ತುಂಬಿದ ಟಬ್ಬನ್ನು ಎಳೆದು ಮನೆಯವರ ಮುಂದಿಟ್ಟು, ಒಂದು ಮಾತೂ ಆಡದೆ ಚಪ್ಪಲಿ ಮೆಟ್ಟಿಕೊಂಡು ಬಂದುಬಿಡುವಳು. ಆ ಟಬ್ಬನ್ನು ನೋಡಿದವರು ಮತ್ತೆ ನಲ್ಲಿಯನ್ನು ಪೂರ್ತಿ ತಿರುಗಿಸಿದ್ದನ್ನು ನಾನಂತೂ ಕಾಣೆ.

ಬೇರೆಯವರ ಮನೆಯಲ್ಲೇ ಹೀಗಾದರೆ ನಮ್ಮ ಮನೆಯ ಪಾಡು ಕೇಳಬೇಕೆ? ತಲೆಗೆ ಸ್ನಾನ ಮಾಡುವ ದಿನ ನಾನು ಕಳ್ಳಿಯ ಹಾಗೆ ಬಚ್ಚಲುಮನೆ ಸೇರಿಕೊಳ್ಳುತ್ತಿದ್ದೆ. ಸ್ನಾನಕ್ಕೆ ಅರ್ಧ ಬಕೆಟ್ ಸಾಕು ಎಂದು ಊರಿಗೆಲ್ಲ ಹೇಳುತ್ತಿದ್ದವಳು ಅವಳು; ಅದು ದಾಟಿತೋ, ಹೊರಗಿನಿಂದ ಅಕ್ಕನ ಕೆಮ್ಮು ಶುರು. "ನಮ್ಮನೇಲಿ ನೀರಿಗಿಂತ ಅತ್ತಿಗೆ ಕೆಮ್ಮೇ ಜಾಸ್ತಿ ಹರಿಯೋದು" ಎಂದು ನನ್ನ ಗಂಡ ಸ್ನೇಹಿತರ ಮುಂದೆ ಹೇಳಿ ನಗಿಸುತ್ತಿದ್ದರು. ಆದರೆ ಒಂದು ಮಾತು ಒಪ್ಪಲೇಬೇಕು. ಆ ವರ್ಷಗಳಲ್ಲಿ ನಮ್ಮ ಊರಿನ ಜನ ಊರು ಬಿಡದೆ ಉಳಿದರೆಂದರೆ, ಅದಕ್ಕೆ ಅವಳಂಥವರು ಮನೆಮನೆ ತಿರುಗಿ ಕಾಲು ಸವೆಸಿದ್ದೂ ಒಂದು ಕಾರಣ.

ಅವಳಿಗೆ ಮಕ್ಕಳಿಲ್ಲ. ನನಗೆ ಒಬ್ಬಳೇ ಮಗಳು. ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಇಲ್ಲದ್ದಕ್ಕೆ ಎಲ್ಲರೂ ಗುಬ್ಬಿ ಎನ್ನುತ್ತಾರೆ. ಈಗಷ್ಟೇ ಶಾಲೆಗೆ ಹೋಗಲು ಶುರುಮಾಡಿದ್ದಾಳೆ. ನಾನು ಬಟ್ಟೆ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ನಿಂತು ಸಂಜೆ ಮನೆಗೆ ಬರುವವಳು. ಹೆತ್ತದ್ದು ನಾನು; ಉಣಿಸಿ, ಮಲಗಿಸಿ, ಮಾತು ಕಲಿಸಿದ್ದು ಅವಳ ದೊಡ್ಡಮ್ಮ.

ಮಳೆ ವಾಪಸ್ ಬಂತು, ಜಲಾಶಯ ತುಂಬಿತು. ಜನ ಮಾತ್ರ ಹಳೆಯ ಚಾಳಿಗೆ ಮರಳಲಿಲ್ಲ. ಕೈ ಪಳಗಿಬಿಟ್ಟಿತ್ತು. ಅಷ್ಟರಲ್ಲಿ ಕಡಿಮೆ ನೀರಿನಲ್ಲಿ ಒಗೆಯುವ ಮಷೀನು, ಸಣ್ಣ ಬಾಯಿಯ ನಲ್ಲಿ ಎಲ್ಲ ಬಂದಿದ್ದವು. ವರ್ಷದಿಂದ ವರ್ಷಕ್ಕೆ ಬಳಕೆ ಇಳಿಯುತ್ತಲೇ ಹೋಯಿತು. ನೀರಿನ ಕಚೇರಿಯವರು ಮೊದಮೊದಲು ಅಕ್ಕನ ಜೊತೆ ನಿಂತು ಫೋಟೋ ತೆಗೆಸಿಕೊಂಡರು. ಆಮೇಲೆ ಅವರ ಮುಖ ಬಾಡತೊಡಗಿತು. ನೀರು ಮಾರಿದ ದುಡ್ಡಿನಲ್ಲೇ ಅವರ ಪಂಪು, ಪೈಪು, ಸಂಬಳ ಎಲ್ಲ ನಡೆಯಬೇಕು. ಪೈಪಿನಲ್ಲಿ ಅರ್ಧ ನೀರು ಹರಿಯಿತು ಅಂತ ಪೈಪಿನ ಖರ್ಚು ಅರ್ಧವಾಗುತ್ತದೆಯೇ? ದರ ಏರಿಸಿದರು. ಬೀದಿಗಳಲ್ಲಿ ಓಡಾಡಿ ರಿಪೇರಿ ನೋಡುತ್ತಿದ್ದವರಲ್ಲಿ ಬಹಳ ಜನರನ್ನು ಮನೆಗೆ ಕಳಿಸಿದರು.

ಬೈಗುಳ ಬಿದ್ದದ್ದು ಅಕ್ಕನಿಗೆ. ಎದುರು ಮನೆಯ ಟೈಲರ್ ಕೊರಳಿಗೆ ಅಳತೆ ಟೇಪು ನೇತುಹಾಕಿಕೊಂಡೇ ರಸ್ತೆಗೆ ಬಂದ.

"ಏನಕ್ಕಾ, ಉಳಿಸಿ ಉಳಿಸಿ ಅಂತ ತಲೆ ತಿಂದ್ರಿ. ಉಳಿಸಿದ್ವಿ. ಈಗ ಕಮ್ಮಿ ಬಳಸಿದ್ದಕ್ಕೆ ಜಾಸ್ತಿ ಬಿಲ್ಲು! ಇದ್ಯಾವ ನ್ಯಾಯ?"

ಊರಿನ ಬಾಯಿಯನ್ನೇ ಮುಚ್ಚಿಸಿದ ಅಕ್ಕ ಅಂದು ತರಕಾರಿ ಚೀಲ ಎದೆಗವಚಿಕೊಂಡು ಒಳಗೆ ಬಂದಳು. ಆಮೇಲೆ ಬೀದಿಯವರ ಕಣ್ಣು ತಪ್ಪಿಸಿ ಓಡಾಡತೊಡಗಿದಳು.

ನಮ್ಮದು ಊರಿನ ಕೊನೆಯ ಬೀದಿ. ನೀರಿನ ದೊಡ್ಡ ಪೈಪು ನಮ್ಮ ಮನೆ ದಾಟಿ, ಬಿಸ್ಕತ್ತು ಕಾರ್ಖಾನೆಯ ಗೋಡೆಯ ಹತ್ತಿರ ಮುಗಿಯುತ್ತದೆ. ಕಾರ್ಖಾನೆ ನಡೆಯುತ್ತಿದ್ದಾಗ ಹಗಲೂ ರಾತ್ರಿಯೂ ನೀರು ಎಳೆಯುತ್ತಿತ್ತು. ಅಷ್ಟು ದಪ್ಪ ಪೈಪು ಹಾಕಿದ್ದೇ ಅದಕ್ಕಾಗಿ. ಕಾರ್ಖಾನೆ ಮುಚ್ಚಿತು. ಆ ಪೈಪಿಗೆ ಉಳಿದದ್ದು ನಮ್ಮಂಥ ಅರ್ಧ ಬಕೆಟ್ಟಿನ ಮನೆಗಳು.

ಮೊದಲು ವಾಸನೆ ಹಿಡಿದದ್ದು ನಾನು. ಬೆಳಿಗ್ಗೆ ಲೋಟಕ್ಕೆ ನೀರು ಹಿಡಿದರೆ, ಬಹಳ ದಿನ ಮುಚ್ಚಿಟ್ಟಿದ್ದ ಡಬ್ಬಿಯ ಮುಚ್ಚಳ ತೆಗೆದಂತಾಗುತ್ತಿತ್ತು. ಅಕ್ಕನಿಗೆ ಹೇಳಿದೆ. "ನಿನ್ನ ಮೂಗಿಗೆ ಬೇರೆ ಕೆಲಸ ಇಲ್ಲ" ಎಂದಳು. ಆದರೆ ನಾನು ಆಚೆ ಹೋದೆ ಅಂದುಕೊಂಡು ಅವಳು ಅದೇ ಲೋಟವನ್ನು ಎತ್ತಿ ಮೂಸಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಒಮ್ಮೆ ಮೂಸಿದಳು. ಇನ್ನೊಮ್ಮೆ ಮೂಸಿದಳು. ಆಮೇಲೆ ಕುಡಿದಳು. ಚೆಲ್ಲುವುದು ಅವಳಿಂದಾಗುವ ಕೆಲಸವಲ್ಲ.

ಇದು ಕಚೇರಿಯವರಿಗೂ ಗೊತ್ತಾಗಿರಬೇಕು. ವಾರಕ್ಕೊಮ್ಮೆ ನೀರುಗಂಟಿಯನ್ನು ಕಳಿಸತೊಡಗಿದರು. ಬೀದಿಬೀದಿಗೆ ನೀರು ಬಿಡುವ, ನಿಲ್ಲಿಸುವ ಕೆಲಸದವನು. ಸದಾ ಹೆಗಲ ಮೇಲೆ ಆಳುದ್ದದ ಕಬ್ಬಿಣದ ಕೀಲಿ. ಮೊದಲ ದಿನ ಅವನು ಪೈಪು ಮುಗಿಯುವಲ್ಲಿದ್ದ ವಾಲ್ವನ್ನು ಪೂರ್ತಿ ತಿರುಗಿಸಿದ. ಮೊದಲು ಕಂದು ಬಣ್ಣದ ನೀರು, ಆಮೇಲೆ ತಿಳಿನೀರು, ಧೋ ಎಂದು ಚರಂಡಿಗೆ ಸುರಿಯಿತು. ಅಕ್ಕ ಕೈಯಲ್ಲಿದ್ದ ಸೌಟನ್ನೂ ಕೆಳಗಿಡದೆ ಓಡಿದಳು.

"ಏ ಏ ಏ, ಏನಪ್ಪಾ ಮಾಡ್ತಿದ್ದೀಯ? ನಿಲ್ಸು ಮೊದ್ಲು!"

"ಇಂಜಿನಿಯರ್ ಮೇಡಂ ಹೇಳಿದಾರೆ ಅಕ್ಕಾ. ಪೈಪಲ್ಲಿ ನಿಂತಿರೋ ನೀರನ್ನ ಹೊರಗೆ ಬಿಡ್ಬೇಕಂತೆ."

"ಚರಂಡಿಗಾ? ನನ್ನ ಕಣ್ಣೆದುರಿಗೇ ಚರಂಡಿಗಾ?"

ಆ ಬಡಪಾಯಿ ತಲೆ ಕೆರೆದುಕೊಂಡ. ಅವನಿಗೂ ಎಲ್ಲ ಬೀದಿಯಲ್ಲೂ ಇದೇ ಬೈಗುಳ. ನೀರು ಪೋಲು ಮಾಡುವ ಪಾಪಿ ಅಂತ ಜನ ಮೊಬೈಲಿನಲ್ಲಿ ಅವನ ವಿಡಿಯೋ ಬೇರೆ ಹಿಡಿದಿದ್ದರು.

ಮುಂದಿನ ವಾರ ಅಕ್ಕ ತಯಾರಾಗಿದ್ದಳು. ಮನೆಮನೆಗೆ ಹೋಗಿ, ಕೊಡ ಬಕೆಟ್ ಡ್ರಮ್ಮು ಏನಿದೆಯೋ ತನ್ನಿ ಎಂದು ಹೇಳಿ ಬಂದಿದ್ದಳು. "ಕುಡಿಯೋಕಲ್ಲ, ಗಿಡಕ್ಕೆ, ನೆಲ ಒರೆಸೋಕೆ" ಎಂದು ಒತ್ತಿ ಹೇಳಿದ್ದಳು. ಆದರೆ ಆ ರಭಸಕ್ಕೆ ಕೊಡ ನಿಲ್ಲಬೇಕಲ್ಲ? ಒಂದು ಉರುಳಿತು, ಇನ್ನೊಂದು ಚರಂಡಿಗೇ ಬಿತ್ತು, ಟೈಲರ್ ತಲೆಯಿಂದ ಕಾಲಿನವರೆಗೆ ನೆನೆದ. ಆಗ ಅಕ್ಕ ಹೇಳಿದಳು:

"ಸ್ವಲ್ಪ ಸಣ್ಣಗೆ ಬಿಡಪ್ಪಾ. ಕೊಡಕ್ಕೆ ಹಿಡಿಯೋ ಹಾಗೆ."

ನೀರುಗಂಟಿ ಕೀಲಿಯನ್ನು ಹಿಂದಕ್ಕೆ ತಿರುಗಿಸಿದ. ನೀರು ಸಣ್ಣಗೆ, ಶಿಸ್ತಾಗಿ, ಒಂದು ಹನಿಯೂ ಚೆಲ್ಲದೆ ಕೊಡಕ್ಕೆ ಬಿತ್ತು. ಬೈಗುಳ ನಿಂತಿತು. ಯಾರೋ ಅವನಿಗೆ ಚಹಾ ತಂದುಕೊಟ್ಟರು. ಅಂದಿನಿಂದ ವಾರ ವಾರವೂ ಇದೇ ಪದ್ಧತಿಯಾಯಿತು. ಜನ ಅಕ್ಕನ ಜೊತೆ ಮತ್ತೆ ಮಾತಾಡಿದರು. ಟೈಲರ್ ಅವಳ ಕೊಡವನ್ನು ತಾನೇ ಎತ್ತಿಕೊಟ್ಟ. ಅವಳ ಮುಖಕ್ಕೆ ಹಳೆಯ ಕಳೆ ಬಂತು. ಮೇಲಿನಿಂದ ಬಂದು ನೋಡುವುದಕ್ಕೆ ಕಚೇರಿಯಲ್ಲಿ ಜನ ಉಳಿದಿರಲಿಲ್ಲ. ಮೀಟರ್ ಇಲ್ಲದ ನೀರು, ಕಣ್ಣಿಗೆ ತಿಳಿಯಾಗಿತ್ತು. ಗಿಡಕ್ಕೆ ಎಂದು ತುಂಬಿದ ಕೊಡಗಳು ಕೆಲವು ಮನೆಗಳಲ್ಲಿ ಯಾವಾಗ ಅಡುಗೆಮನೆ ಸೇರಿದವೋ ದೇವರೇ ಬಲ್ಲ. ನಮ್ಮ ಮನೆಯಲ್ಲಿ ಮಾತ್ರ ಅಕ್ಕ ಆ ಡ್ರಮ್ಮನ್ನು ಹಿತ್ತಿಲಿನಿಂದ ಒಳಗೆ ತರಲು ಬಿಡಲಿಲ್ಲ. ಕುಡಿಯುವುದಕ್ಕೆ ನಲ್ಲಿಯ ನೀರೇ.

ಮೊದಲು ಟೈಲರ್‌ನ ತಾಯಿ ಹಾಸಿಗೆ ಹಿಡಿದರು. ಮುದುಕಿ, ಏನೋ ತಿಂದಿರಬೇಕು ಎಂದುಕೊಂಡೆವು. ಆಮೇಲೆ ಮೂಲೆ ಮನೆಯ ಅಣ್ಣ ತಂಗಿ ಇಬ್ಬರಿಗೂ ವಾಂತಿ ಭೇದಿ. ಅವತ್ತಿನಿಂದ ಅಂಗಡಿಯಲ್ಲಿ ಬಟ್ಟೆ ಮಡಚುತ್ತಿದ್ದರೂ ಕಿವಿ ಫೋನಿನ ಕಡೆಗೇ. ಸಂಜೆ ಮನೆಗೆ ಬಂದ ಕೂಡಲೇ ಗುಬ್ಬಿಯ ಹಣೆ ಮುಟ್ಟಿ ನೋಡುತ್ತಿದ್ದೆ. ಅಕ್ಕನೂ ಮುಟ್ಟುತ್ತಿದ್ದಳು, ನಾನು ಮುಟ್ಟಿ ಕೈ ತೆಗೆದ ಮೇಲೆ, ನನ್ನ ಕೈಯನ್ನೇ ನಂಬದವಳ ಹಾಗೆ. ಒಂದು ಮಧ್ಯಾಹ್ನ ಫೋನು ಬಂದೇಬಿಟ್ಟಿತು. "ಬೇಗ ಬಾ" ಎಂದಳು, ಅಷ್ಟೇ.

ಆಸ್ಪತ್ರೆಯ ಉದ್ದನೆಯ ವಾರ್ಡಿನಲ್ಲಿ ನಮ್ಮ ಬೀದಿಯವರೇ ಮೂರು ಮಂಚ ಹಿಡಿದಿದ್ದರು. ಗುಬ್ಬಿಯ ಕಣ್ಣು ಗುಳಿಬಿದ್ದಿತ್ತು, ತುಟಿ ಒಡೆದಿತ್ತು. ಆ ಕಡ್ಡಿಯಂಥ ಕೈಯಲ್ಲಿ ನರ ಸಿಗದೆ ನರ್ಸು ಚುಚ್ಚಿ ಚುಚ್ಚಿ ನೋಡುತ್ತಿದ್ದಳು. ನಾನು ಮುಖ ತಿರುಗಿಸಿದೆ. ಅಕ್ಕ ತಿರುಗಿಸಲಿಲ್ಲ, ಮಗುವಿನ ಇನ್ನೊಂದು ಕೈಯನ್ನು ಹಿಡಿದುಕೊಂಡು, ಬಾಟಲಿಯಿಂದ ಇಳಿಯುವ ಹನಿಗಳನ್ನೇ ನೋಡುತ್ತ ನಿಂತಳು. ಹನಿ ಸ್ವಲ್ಪ ನಿಧಾನವಾದರೂ ಅವಳಿಗೆ ಗಾಬರಿ. "ಸಿಸ್ಟರ್, ನಿಂತುಹೋಯ್ತಾ ನೋಡಿ, ಸಿಸ್ಟರ್."

"ನೀರು ಎಲ್ಲಿದು ಕುಡೀತೀರಿ?" ಎಂದು ಡಾಕ್ಟರ್ ಕೇಳಿದರು.

"ನಲ್ಲಿದೇ ಡಾಕ್ಟ್ರೇ. ಹೊರಗಿನ ನೀರು ಒಂದು ಗುಟುಕೂ ಕುಡಿಸಿಲ್ಲ" ಎಂದಳು ಅಕ್ಕ. ಆ ಮಾತಿನಲ್ಲಿ ಸ್ವಲ್ಪ ಧೈರ್ಯವಿತ್ತು. ತನ್ನದೇನೂ ತಪ್ಪಿಲ್ಲ ಎಂದು ಅವಳು ನಂಬಿದ್ದಳು. ಡಾಕ್ಟರ್ ತಲೆ ಅಲ್ಲಾಡಿಸಿದರು. "ಈ ಸಲ ಉಳ್ಕೊಳ್ತಾಳೆ. ಆದ್ರೆ ಮೈಯಲ್ಲಿ ಏನೂ ಶಕ್ತಿ ಇಲ್ಲ. ಮನೆಗೆ ಹೋದ್ಮೇಲೆ ಮತ್ತೆ ಹೀಗಾದ್ರೆ ಕಷ್ಟ" ಎಂದರು.

ಮಾರನೆಯ ದಿನ ಇಂಜಿನಿಯರ್ ಮೇಡಂ ನಮ್ಮ ಬೀದಿಗೆ ಬಂದರು. ವಯಸ್ಸಿನಲ್ಲಿ ನನ್ನಷ್ಟೇ ಇರಬೇಕು, ನಿದ್ದೆಗೆಟ್ಟ ಮುಖ. ಬೆರಳುದ್ದದ ಗಾಜಿನ ಕೊಳವೆಗೆ ನಮ್ಮ ಅಡುಗೆಮನೆಯ ನಲ್ಲಿಯ ನೀರು ಹಿಡಿದು, ಒಂದು ಬಾಟಲಿಯಿಂದ ಹನಿ ಹಾಕಿದರು. ನೀರಿನಲ್ಲಿ ಕ್ರಿಮಿ ಕೊಲ್ಲುವ ಔಷಧಿ ಇದ್ದರೆ ಹಳದಿಯಾಗುತ್ತದಂತೆ. ಬೀದಿಯ ಮೊದಲ ಮನೆಯಲ್ಲಿ ಹಳದಿಯಾಗಿತ್ತಂತೆ. ನಮ್ಮಲ್ಲಿ ಹಾಕಿದ ಹನಿ ಹಾಗೇ ಕರಗಿಹೋಯಿತು, ಬಣ್ಣವೇ ಬರಲಿಲ್ಲ. ಅವರು ಕೊಳವೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಾವೂ ನೋಡಿದೆವು.

"ಪ್ರತಿ ವಾರ ಪೈಪು ತೊಳೀತಾನೇ ಇದೀವಲ್ಲ" ಎಂದು ತಮಗೆ ತಾವೇ ಅಂದುಕೊಂಡು, ನೀರುಗಂಟಿಯನ್ನು ಕರೆದರು. "ನೀವು ಯಾವಾಗ್ಲೂ ಹೇಗೆ ಬಿಡ್ತೀರೋ ಹಾಗೇ ಬಿಡಿ ನೋಡೋಣ."

ಅವನು ಕೀಲಿ ಹಾಕಿ ತಿರುಗಿಸಿದ. ನೀರು ಸಣ್ಣಗೆ ಬಿತ್ತು.

"ಇಷ್ಟೇನಾ? ಪ್ರತಿ ಸಲ ಇಷ್ಟೇನಾ ಬಿಡೋದು?"

ಅವನು ನೆಲ ನೋಡಿದ. ಆಮೇಲೆ, ಪಾಪ, ತಡೆಯಲಾರದೆ ಅಕ್ಕನ ಮುಖ ನೋಡಿದ.

ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಜೋರಾಗಿ ಹರಿದ್ರೆ ಮಾತ್ರ ಪೈಪಿನೊಳಗಿನ ಕೊಳೆ ಕಿತ್ಕೊಂಡು ಬರೋದು. ಹೀಗೆ ಬಿಟ್ರೆ ಅದು ಅಲ್ಲೇ ಕೂತಿರುತ್ತೆ. ನೂರು ಜನಕ್ಕೆ ಅಂತ ಮಾಡಿದ ಅಡುಗೆಗೆ ನಾಲ್ಕು ಜನ ಕೂತ ಹಾಗಾಗಿದೆ ಈ ಪೈಪು. ನೀರು ಮುಗಿಯೋದೇ ಇಲ್ಲ, ನಿಂತು ಹಳಸುತ್ತೆ. ಹಾಕಿದ ಔಷಧಿ ದಾರೀಲೇ ಸತ್ತುಹೋಗುತ್ತೆ. ಅದೇ ನೀರು ನಿಮ್ಮೆಲ್ಲರ ನಲ್ಲಿಗೂ ಬರ್ತಿರೋದು."

"ಸಣ್ಣಗೆ ಬಿಡು ಅಂದೋಳು ನಾನು" ಎಂದಳು ಅಕ್ಕ.

ನನಗೆ ಎಲ್ಲಿತ್ತೋ ಸಿಟ್ಟು. ಬೀದಿಯವರೆಲ್ಲ ನಿಂತಿದ್ದಾರೆ ಎನ್ನುವುದನ್ನೂ ನೋಡದೆ ಕೂಗಿದೆ. "ನಿನ್ನ ಕೊಡದ ಹುಚ್ಚಿಗೆ ನನ್ನ ಮಗು ಬೇಕಿತ್ತಾ?" ಅವಳ ಕೈ ಸೆರಗಿನ ತುದಿಯನ್ನು ಹಿಂಡುತ್ತಲೇ ಇತ್ತು, ಒದ್ದೆ ಬಟ್ಟೆ ಹಿಂಡುವ ಹಾಗೆ. ನನಗೆ ಕನಿಕರ ಬರಲಿಲ್ಲ. ಬರಬೇಕು ಅಂತಲೂ ಅನಿಸಲಿಲ್ಲ.

ಮೇಡಂ ಮಾಡಬೇಕಾದ್ದನ್ನು ಹೇಳಿದರು. ಗೊತ್ತುಮಾಡಿದ ಒಂದು ದಿನ ಬೆಳಿಗ್ಗೆ ಮೇಲಿನಿಂದ ಔಷಧಿಯನ್ನು ಹೆಚ್ಚಿಗೆ ಹಾಕಿ ಬಿಡುತ್ತಾರೆ. ವಾಲ್ವನ್ನು ಪೂರ್ತಿ ತೆಗೆಯುತ್ತಾರೆ. ಸೀಟಿ ಊದಿದ ಕೂಡಲೇ ಪ್ರತಿ ಮನೆಯವರೂ ಮನೆಯ ಎಲ್ಲ ನಲ್ಲಿಗಳನ್ನೂ ಪೂರ್ತಿ ತಿರುಗಿಸಿ, ಔಷಧಿಯ ವಾಸನೆ ಬರುವವರೆಗೆ ಬಿಡಬೇಕು. ಹಿಡಿಯಬಾರದು, ಚರಂಡಿಗೇ ಹೋಗಬೇಕು. "ಒಂದು ಮನೆ ಬಿಟ್ರೂ ಹಳೇ ನೀರು ಆ ಮನೆ ಪೈಪಲ್ಲಿ ಉಳಿಯುತ್ತೆ, ಮತ್ತೆ ಶುರುವಾಗುತ್ತೆ" ಎಂದರು. ಆಮೇಲೆ ಅಕ್ಕನ ಕಡೆ ತಿರುಗಿದರು. "ನಾವು ಹೇಳಿದ್ರೆ ಜನ ಕೇಳಲ್ಲ. ನೀವು ಹೇಳಿದ್ರೆ ಕೇಳ್ತಾರೆ."

"ಕೇಳಿದ್ದಕ್ಕೇ ಅಲ್ವಾ ಹೀಗಾಗಿದ್ದು" ಎಂದಳು ಅಕ್ಕ.

ಆದರೂ ಹೊರಟಳು. ನಾನೂ ಹಿಂದೆ ಹೋದೆ, ಸಿಟ್ಟಿನಲ್ಲೇ ಹೋದೆ. ಪ್ರತಿ ಬಾಗಿಲಲ್ಲೂ ಅವಳು ಹೇಳಿದ್ದು ಒಂದೇ. "ಸಣ್ಣಗೆ ಬಿಡಿಸಿದ್ದು ನಾನು. ನನ್ನ ಮಗು ಆಸ್ಪತ್ರೇಲಿದೆ. ನನ್ನ ಎಷ್ಟು ಬೇಕಾದ್ರೂ ಬೈಕೊಳ್ಳಿ, ನಲ್ಲಿ ಮಾತ್ರ ತೆರೀರಿ." ಕೆಲವರು ಹೂಂ ಎಂದರು. ಕೆಲವರು ಬಾಗಿಲ ಹಿಂದೆಯೇ ನಿಂತು ನೋಡೋಣ ಎಂದರು. ಒಬ್ಬಳು ಹೆಂಗಸು, "ನೀವೇ ಕಲಿಸಿದ್ದಲ್ವಾ ಅಕ್ಕಾ, ನನಗೆ ಕೈ ಬರಲ್ಲ" ಎಂದು ಅತ್ತೇಬಿಟ್ಟಳು. ಟೈಲರ್ ಮಷೀನಿನಿಂದ ತಲೆಯನ್ನೇ ಎತ್ತಲಿಲ್ಲ. "ಮೀಟರ್ ಓಡುತ್ತಲ್ಲ, ಅದನ್ನ ಯಾರು ನೋಡ್ಕೊಳ್ತಾರೆ? ನಾಳೆ ಬಂದು ಇನ್ನೇನು ಹೇಳ್ತೀರೋ!" ಒಳಗೆ ಅವನ ತಾಯಿ ನರಳುವುದು ಕೇಳಿಸುತ್ತಿತ್ತು. ಅಕ್ಕ ಆ ಬಾಗಿಲಲ್ಲಿ ಬಹಳ ಹೊತ್ತು ನಿಂತಳು, ಅವನು ಹೊಲಿಯುತ್ತಲೇ ಇದ್ದ.

ಆ ದಿನ ಬರುವಷ್ಟರಲ್ಲಿ ಗುಬ್ಬಿಯನ್ನು ಮನೆಗೆ ಕರೆತಂದಿದ್ದೆವು. ಕುಡಿಯುವುದಕ್ಕೆ ಹೊರಗಿನಿಂದ ಕ್ಯಾನು ತರಿಸಿ, ಅದನ್ನೂ ಕುದಿಸಿ ಕೊಡುತ್ತಿದ್ದೆವು. ಅವಳು ಒಳಕೋಣೆಯಲ್ಲಿ ಮಲಗಿದ್ದಳು. ಬೆಳಿಗ್ಗೆ ಬೀದಿಯಲ್ಲಿ ಸೀಟಿ ಕೇಳಿಸಿತು. ಅಕ್ಕ ಅಡುಗೆಮನೆಯ ನಲ್ಲಿಯ ಮೇಲೆ ಕೈಯಿಟ್ಟು ತಿರುಗಿಸಿದಳು. ಕೈ ಅರ್ಧಕ್ಕೇ ನಿಂತಿತು.

"ತಿರುಗಿಸಕ್ಕಾ" ಎಂದೆ.

"ತಿರುಗಿಸ್ತಿದೀನಲ್ಲೇ" ಎಂದಳು. ಕೈ ಕದಲಲಿಲ್ಲ. ನಾನು ಅವಳ ಕೈಯ ಮೇಲೆ ನನ್ನ ಕೈಯಿಟ್ಟು ಒತ್ತಿದೆ. ನೀರು ಭೋರೆಂದು ಸುರಿಯಿತು; ಆ ಮನೆಯಲ್ಲಿ ಅಂಥ ಸದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಬಚ್ಚಲಿನದು ತಿರುಗಿಸಿದೆವು, ಹಿತ್ತಿಲಿನದು ತಿರುಗಿಸಿದೆವು. ಆಮೇಲೆ ಇಬ್ಬರೂ ಬಾಗಿಲಿಗೆ ಓಡಿ ಬಂದೆವು, ಉಳಿದ ಮನೆಗಳದ್ದು ಏನಾಯಿತೋ ಎಂದು. ಮೂಲೆ ಮನೆಯ ಮೋರಿಯಿಂದ ನೀರು ಬಂತು. ಪಕ್ಕದ್ದು ಬಂತು. ಕೆಂಪಗೆ, ಕೊಳೆಯಾಗಿ. ಅಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡು ಒಂದೊಂದೇ ಮೋರಿಯನ್ನು ನೋಡುತ್ತಿದ್ದಳು. ಟೈಲರ್ ಮನೆಯದು ಒಣಗಿಯೇ ಇತ್ತು. ನಾವು ಕಾದೆವು. ಅವಳ ತುಟಿ ಅಲುಗುತ್ತಿತ್ತು, ಏನು ಹೇಳಿಕೊಳ್ಳುತ್ತಿದ್ದಳೋ. ಕೊನೆಗೆ ಅಲ್ಲಿಂದಲೂ ನೀರು ಬುಳಬುಳ ಎಂದು ಬಂತು. ಅಕ್ಕ ನನ್ನ ಭುಜ ಹಿಡಿದುಕೊಂಡಳು. ಎಷ್ಟೋ ದಿನಗಳ ಮೇಲೆ ನಾನೂ ಅವಳ ಕೈ ಹಿಡಿದೆ.

ಆಗ ನಮ್ಮ ಅಡುಗೆಮನೆಯ ಸದ್ದು ನಿಂತುಹೋಯಿತು.

ಒಳಗೆ ಓಡಿದೆವು. ಗುಬ್ಬಿ ಹಾಸಿಗೆಯಿಂದೆದ್ದು, ಸ್ಟೂಲು ಎಳೆದುಕೊಂಡು, ಸಿಂಕಿಗೆ ಒರಗಿ ನಿಂತಿದ್ದಳು. ಎರಡೂ ಕೈ ನಲ್ಲಿಯ ಮೇಲಿದ್ದವು.

"ದೊಡ್ಡಮ್ಮಾ, ನೀನು ಮರೆತುಬಿಟ್ಟಿದ್ದೆ" ಎಂದಳು. "ನಾನೇ ನಿಲ್ಲಿಸಿದೆ."

ಆ ಒಣಗಿದ ಮುಖದಲ್ಲಿ ಅವಳು ನಕ್ಕದ್ದು ಎಷ್ಟೋ ದಿನಗಳ ಮೇಲೆ. ಜಾಣೆ ಅನ್ನುತ್ತಾರೆ ಎಂದು ಕಾಯುತ್ತಿದ್ದಳು. ಅಕ್ಕ ಹೋಗಿ ನಲ್ಲಿಯನ್ನು ಮತ್ತೆ ತಿರುಗಿಸಿದಳು. ಮಗು ಅವಳ ಮುಖವನ್ನೊಮ್ಮೆ ನೋಡಿ ಮತ್ತೆ ನಿಲ್ಲಿಸಿತು. ಅಕ್ಕ ಮತ್ತೆ ತಿರುಗಿಸಿದಳು.

"ದೊಡ್ಡಮ್ಮಾ! ಪೋಲಾಗ್ತಿದೆ!"

"ಹೋಗ್ಲಿ ಬಂಗಾರಿ."

"ಎಲ್ಲಾ ಹೋಗ್ತಿದೆ ದೊಡ್ಡಮ್ಮಾ, ನಿಲ್ಸು, ನಿಲ್ಸು!"

ಅಕ್ಕ ಅವಳನ್ನು ಹಿಂದಿನಿಂದ ತಬ್ಬಿ, ಆ ಎರಡು ಪುಟ್ಟ ಕೈಗಳನ್ನೂ ತನ್ನ ಕೈಯೊಳಗೆ ಬಿಗಿಯಾಗಿ ಹಿಡಿದುಕೊಂಡಳು. ಜ್ವರ ಬಿಟ್ಟ ಮೈ, ಶಕ್ತಿಯೇ ಇಲ್ಲ; ಇದ್ದಷ್ಟನ್ನೆಲ್ಲ ಹಾಕಿ ಗುಬ್ಬಿ ಒದ್ದಾಡಿದಳು, ಕಿರುಚಿದಳು, ಕೊನೆಗೆ ಅಕ್ಕನ ಮಣಿಕಟ್ಟನ್ನು ಕಚ್ಚಿದಳು. ಅಕ್ಕ ಅಳುತ್ತಿದ್ದಳು. ಕೈ ಮಾತ್ರ ಬಿಡಲಿಲ್ಲ. ನಲ್ಲಿಯಿಂದ ಕೆಂಪು ನೀರು ಹೋಯಿತು, ಮಸುಕು ನೀರು ಹೋಯಿತು, ತಿಳಿನೀರು ಹೋಯಿತು, ಔಷಧಿಯ ವಾಸನೆ ಇನ್ನೂ ಬಂದಿರಲಿಲ್ಲ.